ಶುಲ್ಕ ಮಳೆಗಾಲಕ್ಕೆ, ದುಡ್ಡು ಕೊಯ್ಲಿಗೆ: ಆಪತ್ತಿಗೆ ಸಿಕ್ಕ ಕಾಲೇಜು ಮಕ್ಕಳಿಗೆ ನೆರವು ಎಲ್ಲೆಲ್ಲಿದೆ?

ಜುಲೈ ತಿಂಗಳ ಒಂದು ಮಧ್ಯಾಹ್ನ ಎರಡನೆಯ ವರ್ಷದ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ನಮ್ಮ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನೀರು ಸೋರುವ ಕೊಡೆ ಹಿಡಿದು ನಿಂತಿದ್ದಳು. "ಮೇಡಂ, ಟಿಸಿ ಬೇಕಿತ್ತು" ಎಂದಳು. ಸಿದ್ದಾಪುರದ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ, ಅವರ ವಾಸ. ಮಳೆ ಹಿಡಿಯುವ ಮುಂಚೆ ಮರ ಕಪಾತು ಮಾಡುವಾಗ ತಂದೆ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದರು. ತಾಯಿ ಅವರ ಜೊತೆ ಮೈಸೂರಿನ ಆಸ್ಪತ್ರೆಯಲ್ಲಿದ್ದರು. ಮನೆಗೆ ಬರುತ್ತಿದ್ದ ಎರಡು ಕೂಲಿಯೂ ಒಂದೇ ದಿನ ನಿಂತುಹೋಗಿತ್ತು. ಎಷ್ಟು ಹಣ ಬೇಕಾಗಿದೆ ಎಂದು ಕೇಳಿದೆ. ಶುಲ್ಕದ ಬಾಕಿ ಮತ್ತು ಎರಡು ತಿಂಗಳ ಬಸ್ಸಿನ ಖರ್ಚು ಸೇರಿ 4,300 ರೂಪಾಯಿ ಎಂದಳು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಿದೆ, ನಿಜ. ಆದರೆ ಅವಳ ಊರಿನ ದಾರಿಯಲ್ಲಿ ಬೆಳಿಗ್ಗೆ ಓಡುವುದು ಖಾಸಗಿ ಬಸ್ಸು.

ಇಷ್ಟು ವರ್ಷ ಪಾಠ ಮಾಡಿದ ಮೇಲೆ ನನಗೆ ಖಚಿತವಾಗಿರುವ ಒಂದು ಸಂಗತಿ ಇದೆ. ಮಕ್ಕಳು ಕಾಲೇಜು ಬಿಡುವುದು ಹೆಚ್ಚಾಗಿ ದೊಡ್ಡ ಮೊತ್ತಕ್ಕಾಗಿ ಅಲ್ಲ. ಮೂರು, ನಾಲ್ಕು, ಹತ್ತು ಸಾವಿರ ರೂಪಾಯಿ ಬೇಕಾದ ವಾರದಲ್ಲಿ ಸಿಗದೇ ಹೋದದ್ದಕ್ಕೆ ಬಿಡುತ್ತಾರೆ. ಹಣ ಎಲ್ಲೋ ಇರುತ್ತದೆ, ಕೆಲವೊಮ್ಮೆ ಅವರ ಹೆಸರಿನಲ್ಲೇ ಇರುತ್ತದೆ, ಆದರೆ ಅದು ಬರುವ ಹೊತ್ತಿಗೆ ಮಗು ತೋಟದ ಕೆಲಸಕ್ಕೋ ಬಟ್ಟೆ ಅಂಗಡಿಗೋ ಸೇರಿಯಾಗಿರುತ್ತದೆ.

ಕೊಡಗಿನಲ್ಲಿ ಈ ತೊಡಕು ಇನ್ನೂ ಬಿಗಿಯಾಗಿದೆ. ಇಲ್ಲಿ ಕೈಯಲ್ಲಿ ದುಡ್ಡು ಆಡುವುದು ಕಾಫಿ ಕೊಯ್ಲಿನ ಕಾಲದಲ್ಲಿ. ನವೆಂಬರ್ ಹೊತ್ತಿಗೆ ಅರೇಬಿಕಾ, ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟಾ. ಸಣ್ಣ ಬೆಳೆಗಾರರಿಗೂ ಕೂಲಿಯವರಿಗೂ ವರ್ಷದ ಆದಾಯದ ದೊಡ್ಡ ಪಾಲು ಆ ನಾಲ್ಕೈದು ತಿಂಗಳಲ್ಲೇ. ಕಾಲೇಜಿನ ಪ್ರವೇಶ, ಶುಲ್ಕ, ಪುಸ್ತಕ, ಹಾಸ್ಟೆಲ್ ಠೇವಣಿ ಎಲ್ಲವೂ ಬಂದು ನಿಲ್ಲುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಅಂದರೆ ಮಳೆ ಸುರಿದು ತೋಟದ ಕೆಲಸ ಅರ್ಧಕ್ಕರ್ಧ ನಿಂತಿರುವಾಗ. ಆಪತ್ತುಗಳೂ ಅದೇ ತಿಂಗಳುಗಳನ್ನು ಆರಿಸಿಕೊಂಡು ಬಂದಿವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಬೆಟ್ಟಗಳು ಕುಸಿದವು. 2019ರ ಆಗಸ್ಟ್‌ನಲ್ಲಿ ತೋರ ಗ್ರಾಮದ ಗುಡ್ಡ ಜಾರಿತು, ಕರಡಿಗೋಡು ಮತ್ತು ನೆಲ್ಯಹುದಿಕೇರಿಯ ಮನೆಗಳಿಗೆ ಕಾವೇರಿ ನುಗ್ಗಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. ಹೊಸ ತರಗತಿಯ ಮೊದಲ ಪಾಠ ಮುಗಿಯುವ ಹೊತ್ತಿಗೇ ಪುಸ್ತಕ, ಅಂಕಪಟ್ಟಿ, ಮನೆ ಮೂರನ್ನೂ ಕಳೆದುಕೊಂಡ ಮಕ್ಕಳು ಆ ವರ್ಷಗಳಲ್ಲಿ ಪರಿಹಾರ ಕೇಂದ್ರದಿಂದಲೇ ಕಾಲೇಜಿಗೆ ಬಂದು ಹೋದರು.

ವಿದ್ಯಾರ್ಥಿವೇತನವೇ ಬೇರೆ, ಆಪತ್ಕಾಲದ ನೆರವೇ ಬೇರೆ

ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಬಹಳ ಮಕ್ಕಳು ತಪ್ಪು ಕಚೇರಿಯ ಮುಂದೆ ಕಾಯುತ್ತಾರೆ. ವಿದ್ಯಾರ್ಥಿವೇತನವು ಬಹುಕಾಲದ ಬಡತನವನ್ನು ಅಳೆದು ಕೊಡುವ ಹಣ. ಅದರ ಅಳತೆಗೋಲು ನಾಡಕಚೇರಿಯ ಆದಾಯ ಪ್ರಮಾಣಪತ್ರ. ಆ ಪತ್ರಕ್ಕೆ ಐದು ವರ್ಷ ಮಾನ್ಯತೆ ಇರುವುದರಿಂದ, ಮೂರು ವರ್ಷದ ಹಿಂದೆ ತಂದೆ ದುಡಿಯುತ್ತಿದ್ದಾಗಿನ ಆದಾಯವೇ ಇವತ್ತಿನ ಆದಾಯವೆಂದು ಕಾಗದದಲ್ಲಿ ಉಳಿದುಬಿಡುತ್ತದೆ. ವರ್ಷಕ್ಕೆ ಒಮ್ಮೆ ಅರ್ಜಿ ಕರೆಯುತ್ತಾರೆ, ಪರಿಶೀಲನೆ ನಡೆಯುತ್ತದೆ, ತಿಂಗಳುಗಳ ಮೇಲೆ ಖಾತೆಗೆ ಜಮೆಯಾಗುತ್ತದೆ. ಇದ್ದಕ್ಕಿದ್ದಂತೆ ಬಿದ್ದವರನ್ನು ಹಿಡಿದು ನಿಲ್ಲಿಸಲು ಈ ವ್ಯವಸ್ಥೆ ರೂಪುಗೊಂಡಿಲ್ಲ.

ಆಪತ್ಕಾಲದ ನೆರವಿನ ಲಕ್ಷಣಗಳು ಮೂರು: ಮೊತ್ತ ಚಿಕ್ಕದು, ತೀರ್ಮಾನ ಬೇಗ, ಹಿಂದಿರುಗಿಸಬೇಕಾಗಿಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯ ವಿಶ್ವವಿದ್ಯಾಲಯವು ಇದನ್ನು 2011ರಲ್ಲಿ ಆರಂಭಿಸಿತು. ಓದಿನಲ್ಲಿ ಸರಿಯಾಗಿಯೇ ಇದ್ದ ಮಕ್ಕಳ ಹೆಸರು ಸಣ್ಣ ಶುಲ್ಕ ಬಾಕಿಗಾಗಿ ಹಾಜರಿ ಪಟ್ಟಿಯಿಂದ ಬಿದ್ದುಹೋಗುತ್ತಿರುವುದನ್ನು ಅವರು ಗಮನಿಸಿದರು. ಅರ್ಜಿಗಾಗಿ ಕಾಯದೆ, ದಾಖಲೆ ನೋಡಿ ತಾವೇ ಆ ಬಾಕಿಯನ್ನು ತುಂಬತೊಡಗಿದರು. 2020ರ ಕೋವಿಡ್ ಪರಿಹಾರ ಕಾಯ್ದೆಯಲ್ಲಿ ಅಲ್ಲಿನ ಕೇಂದ್ರ ಸರ್ಕಾರವು ಕಾಲೇಜುಗಳಿಗೆ ಕೊಟ್ಟ ಹಣದಲ್ಲಿ ಕನಿಷ್ಠ ಅರ್ಧದಷ್ಟು ನೇರವಾಗಿ ವಿದ್ಯಾರ್ಥಿಗಳ ತುರ್ತು ನೆರವಿಗೇ ಹೋಗಬೇಕೆಂದು ವಿಧಿಸಿತು. ನಮ್ಮಲ್ಲಿ ಇಂಥ ಒಂದೇ ಬಾಗಿಲು ಇಲ್ಲ. ಹತ್ತು ಬಾಗಿಲುಗಳಿವೆ, ಪ್ರತಿಯೊಂದೂ ತೆರೆಯುವ ಹೊತ್ತು ಬೇರೆ. ಆದ್ದರಿಂದ ಯಾವುದು ದಿನಗಳಲ್ಲಿ ಸಿಗುತ್ತದೆ, ಯಾವುದು ವಾರಗಳಲ್ಲಿ, ಯಾವುದು ತಿಂಗಳುಗಳಲ್ಲಿ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು.

ಮೊದಲ ವಾರ: ಟಿಸಿ ಕೇಳಬೇಡಿ, ಪತ್ರ ಕೊಡಿ

ಆಪತ್ತು ಬಂದ ವಾರದಲ್ಲೇ ಪ್ರಾಂಶುಪಾಲರಿಗೆ ಒಂದು ಪುಟದ ಪತ್ರ ಕೊಡಿ. ಬಾಯಿಮಾತಿನಲ್ಲಿ ಹೇಳಿದ್ದು ಕಚೇರಿಯಲ್ಲಿ ಉಳಿಯುವುದಿಲ್ಲ. ಪತ್ರ ಉಳಿಯುತ್ತದೆ, ಮುಂದೆ ಎಲ್ಲ ಅರ್ಜಿಗೂ ಅದೇ ಆಧಾರವಾಗುತ್ತದೆ. ಕಷ್ಟಗಳ ಕಥೆಯನ್ನು ಅದರಲ್ಲಿ ಉದ್ದಕ್ಕೆ ಬರೆಯಬೇಕಾಗಿಲ್ಲ. ಯಾವ ದಿನ ಏನಾಯಿತು, ಮನೆಯ ಯಾವ ಆದಾಯ ನಿಂತಿತು, ಎಷ್ಟು ಹಣ ಯಾವ ದಿನಾಂಕದೊಳಗೆ ಬೇಕು, ಕಾಲೇಜಿನಿಂದ ಏನನ್ನು ಕೋರುತ್ತಿದ್ದೀರಿ ಎಂಬುದಿಷ್ಟು ಸಾಕು. ಆಸ್ಪತ್ರೆಯ ದಾಖಲಾತಿ ಚೀಟಿ, ಮರಣ ಪ್ರಮಾಣಪತ್ರ, ಮನೆ ಕುಸಿದಿದ್ದರೆ ಗ್ರಾಮ ಆಡಳಿತಾಧಿಕಾರಿ ಸ್ಥಳ ನೋಡಿ ಬರೆದ ಮಹಜರಿನ ಪ್ರತಿ, ಇವುಗಳಲ್ಲಿ ಇರುವುದನ್ನು ಲಗತ್ತಿಸಿ. ಇಲ್ಲದಿದ್ದರೆ ಪತ್ರವನ್ನು ಮೊದಲು ಕೊಟ್ಟು, ಕಾಗದ ನಂತರ ಒದಗಿಸುವುದಾಗಿ ಬರೆಯಿರಿ. ಒಂದು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಇಟ್ಟುಕೊಳ್ಳಿ.

ಕೋರಿಕೆಯಲ್ಲಿ ಹಣಕ್ಕಿಂತ ಮೊದಲು ಸಮಯವನ್ನು ಕೇಳಿ. ಶುಲ್ಕವನ್ನು ಕಂತಾಗಿ ಕಟ್ಟಲು ಅವಕಾಶ, ದಂಡಶುಲ್ಕದ ಮನ್ನಾ, ಎರಡನೆಯ ಕಂತಿಗೆ ಫೆಬ್ರುವರಿಯವರೆಗೆ ಗಡುವು. ಫೆಬ್ರುವರಿ ಏಕೆಂದರೆ ಆಗ ಕೊಯ್ಲು ನಡೆಯುತ್ತಿರುತ್ತದೆ, ಮನೆಯಲ್ಲಿ ದುಡ್ಡು ಇರುತ್ತದೆ. ಈ ಜಿಲ್ಲೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ಪ್ರಾಂಶುಪಾಲರಿಗೂ ಅದು ಅರ್ಥವಾಗುವ ಮಾತು. ಹಾಜರಾತಿಯ ವಿಷಯವನ್ನೂ ಅದೇ ಪತ್ರದಲ್ಲಿ ಸೇರಿಸಿ. ಆಸ್ಪತ್ರೆಯಲ್ಲಿ ತಂದೆಯ ಕಾವಲಿಗೆ ಕುಳಿತ ಇಪ್ಪತ್ತು ದಿನಗಳು ಪರೀಕ್ಷೆಯ ಹೊತ್ತಿಗೆ ಶೇಕಡಾ 75ರ ಗೆರೆಯ ಕೆಳಗೆ ತಂದು ನಿಲ್ಲಿಸುತ್ತವೆ. ಆಗ ಹೇಳಿಕೊಂಡರೆ ತಡವಾಗಿರುತ್ತದೆ.

ಹಣದ ವಿಷಯಕ್ಕೆ ಬಂದರೆ, ನಿಮ್ಮ ಶುಲ್ಕದ ರಸೀದಿಯನ್ನು ತೆಗೆದು ಒಂದೊಂದೇ ಸಾಲು ಓದಿ. ಅನೇಕ ಕಾಲೇಜುಗಳ ರಸೀದಿಯಲ್ಲಿ ವಿದ್ಯಾರ್ಥಿ ಕ್ಷೇಮನಿಧಿ ಎಂಬ ಹೆಸರಿನ ಸಣ್ಣ ಮೊತ್ತ ಇರುತ್ತದೆ. ಪ್ರತಿಯೊಬ್ಬರಿಂದಲೂ ಸಂಗ್ರಹಿಸಿದ ಆ ಹಣ ಇರುವುದೇ ಇಂಥ ದಿನಕ್ಕೆ. ಅದನ್ನು ಕೇಳುವುದು ಭಿಕ್ಷೆಯಲ್ಲ. ಹಳೆಯ ವಿದ್ಯಾರ್ಥಿಗಳ ಸಂಘ, ರೋಟರಿ, ಲಯನ್ಸ್, ನಿಮ್ಮ ಜನಾಂಗದ ಸಮಾಜದ ವಿದ್ಯಾನಿಧಿ, ಇವೂ ದಿನಗಳ ಲೆಕ್ಕದಲ್ಲಿ ಸ್ಪಂದಿಸಬಲ್ಲವು. ಪ್ರಾಂಶುಪಾಲರ ಶಿಫಾರಸು ಇದ್ದರೆ ಇನ್ನೂ ಬೇಗ.

ನನ್ನ ಬಳಿ ಬಂದ ಹುಡುಗಿ ಟಿಸಿ ಕೇಳಿದ್ದಕ್ಕೆ ಕಾರಣ ಬಡತನಕ್ಕಿಂತ ಹೆಚ್ಚಾಗಿ ನಾಚಿಕೆ. ತರಗತಿಯಲ್ಲಿ ಯಾರಿಗೂ ಗೊತ್ತಾಗಬಾರದು ಎಂಬುದೊಂದೇ ಅವಳ ಚಿಂತೆ. ಈ ನಾಚಿಕೆಯನ್ನು ಅಧ್ಯಾಪಕರಾದ ನಾವು ಹಗುರವಾಗಿ ಕಾಣಬಾರದು.

ಮನೆಯವರಿಗೆ ಸಲ್ಲಬೇಕಾದ ಹಣ

ಈ ಭಾಗವನ್ನು ನಿಧಾನವಾಗಿ ಓದಿ. ಮಕ್ಕಳು ತಮ್ಮ ಹೆಸರಿನ ವಿದ್ಯಾರ್ಥಿವೇತನವನ್ನಷ್ಟೇ ಹುಡುಕುತ್ತಾರೆ. ಆದರೆ ಆಪತ್ತಿನ ದೊಡ್ಡ ಮೊತ್ತಗಳು ಬರುವುದು ಕುಟುಂಬದ ಹೆಸರಿಗೆ, ಬೇರೆಬೇರೆ ಇಲಾಖೆಗಳಿಂದ.

ತಂದೆಯ ಅಥವಾ ತಾಯಿಯ ಬ್ಯಾಂಕ್ ಪಾಸ್‌ಬುಕ್ ತೆಗೆದು ಮೇ, ಜೂನ್ ತಿಂಗಳ ಸಾಲುಗಳನ್ನು ನೋಡಿ. 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. ಯಾವ ಕಾರಣದಿಂದ ಮರಣ ಸಂಭವಿಸಿದರೂ ನಾಮಿನಿಗೆ 2 ಲಕ್ಷ ರೂಪಾಯಿ. 20 ರೂಪಾಯಿ ಕಡಿತವಾಗಿದ್ದರೆ ಅದು ಸುರಕ್ಷಾ ವಿಮೆ. ಅಪಘಾತದಲ್ಲಿ ಮರಣ ಹೊಂದಿದರೆ ಅಥವಾ ಸಂಪೂರ್ಣ ಶಾಶ್ವತ ಅಂಗವೈಕಲ್ಯ ಉಂಟಾದರೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ. ಖಾತೆ ತೆರೆದ ದಿನ ಬ್ಯಾಂಕಿನವರು ಹಾಕಿಸಿದ ಸಹಿಯನ್ನು ಮನೆಯವರು ಮರೆತಿರುತ್ತಾರೆ. ಕ್ಲೇಮಿಗೆ ಯಾರೂ ಹೋಗುವುದಿಲ್ಲ. ಪಾಸ್‌ಬುಕ್ ಓದಲು ಬರುವವರು ಮನೆಯಲ್ಲಿ ಬಹುಶಃ ನೀವೊಬ್ಬರೇ, ಆದ್ದರಿಂದ ಇದು ನಿಮ್ಮದೇ ಕೆಲಸ. ತಡಮಾಡಬೇಡಿ, ಕ್ಲೇಮಿಗೆ ಕಾಲಮಿತಿ ಇದೆ.

ದುಡಿಯುವ ಯಜಮಾನ ಅಥವಾ ಯಜಮಾನಿ 60 ವರ್ಷದೊಳಗೆ ತೀರಿಕೊಂಡರೆ, ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಡಿ ಒಮ್ಮೆಗೆ 20,000 ರೂಪಾಯಿ ಸಿಗುತ್ತದೆ. ನಾಡಕಚೇರಿಯಲ್ಲಿ ವಿಚಾರಿಸಿ. ದೊಡ್ಡ ತೋಟಗಳಲ್ಲಿ ಪಿಎಫ್ ಕಡಿತವಾಗುತ್ತಿದ್ದ ಕಾರ್ಮಿಕರು ಸೇವೆಯಲ್ಲಿರುವಾಗ ತೀರಿಕೊಂಡರೆ ಪಿಎಫ್ ಹಣವಲ್ಲದೆ ಅದಕ್ಕೆ ಜೋಡಿಸಿರುವ ವಿಮೆಯೂ ಇದೆ, ಗರಿಷ್ಠ 7 ಲಕ್ಷದವರೆಗೆ. ಪತ್ನಿಗೆ ಬರುವ ಪಿಂಚಣಿಯ ಜೊತೆಗೆ ಇಬ್ಬರು ಮಕ್ಕಳಿಗೆ 25 ವರ್ಷ ತುಂಬುವವರೆಗೆ ಮಕ್ಕಳ ಪಿಂಚಣಿ ಸಲ್ಲುತ್ತದೆ. ಮೊತ್ತ ಹೆಚ್ಚಲ್ಲ, ಆದರೆ ತಿಂಗಳು ತಿಂಗಳು ಬರುತ್ತದೆ. ತೋಟದ ಲೆಕ್ಕಪತ್ರ ನೋಡುವ ರೈಟರ ಬಳಿ ಪಿಎಫ್ ಸಂಖ್ಯೆ ಇರುತ್ತದೆ, ಕೇಳಿ ಪಡೆಯಿರಿ. ಕೆಲಸದ ವೇಳೆ ಗಾಯಗೊಂಡವರಿಗೆ ಮಾಲೀಕರು ಪರಿಹಾರ ಕೊಡಬೇಕೆಂಬ ಕಾನೂನು ನಮ್ಮ ದೇಶದಲ್ಲಿ 1923ರಿಂದಲೂ ಇದೆ. ಅದು ಮಾಲೀಕರ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ. ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಕೇಳಲು ಹಿಂಜರಿಯಬೇಡಿ. ಜಗಳವಾಡಬೇಕಾಗಿಲ್ಲ, ಅರ್ಜಿ ಕೊಟ್ಟರೆ ಸಾಕು.

ಭೂಕುಸಿತ, ಪ್ರವಾಹದಲ್ಲಿ ಮರಣ ಸಂಭವಿಸಿದರೆ ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ ಕುಟುಂಬಕ್ಕೆ 4 ಲಕ್ಷ ರೂಪಾಯಿ ಸಲ್ಲುತ್ತದೆ. ಮನೆ ಹಾನಿಗೆ ಪರಿಹಾರ ನಿರ್ಧಾರವಾಗುವುದು ಕಂದಾಯ ಇಲಾಖೆಯ ಮಹಜರಿನ ಮೇಲೆ. ಆನೆ ದಾಳಿಯ ಸಾವು, ಗಾಯ, ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಇವೆಲ್ಲದಕ್ಕೂ ಜೀವಾಳ ಮೊದಲ ದಿನಗಳ ದಾಖಲೆ. ಮೊಬೈಲಿನಲ್ಲಿ ಚಿತ್ರ ತೆಗೆಯಿರಿ, ಮಹಜರು ನಡೆಯುವಾಗ ಮನೆಯವರೊಬ್ಬರು ಸ್ಥಳದಲ್ಲಿರಿ. ಕೊಡಗಿನಲ್ಲಿ ಒಂದು ವಿಶೇಷ ತೊಡಕೂ ಇದೆ. ಕುಟುಂಬಕ್ಕೆ ಒಟ್ಟಾಗಿ ಸೇರಿದ ಜಮ್ಮಾ ಹಿಡುವಳಿಯ ಪಹಣಿಯಲ್ಲಿ ಪಟ್ಟೆದಾರರ (ಕುಟುಂಬದ ಮುಖ್ಯಸ್ಥರ) ಮತ್ತು ಇಡೀ ಕುಟುಂಬದವರ ಹೆಸರು ಒಟ್ಟಿಗೆ ಇರುವುದರಿಂದ, ನಿಮ್ಮ ತಂದೆ ಅನುಭವಿಸುತ್ತಿದ್ದ ಪಾಲು ಯಾವುದೆಂದು ತೋರಿಸುವುದು ಕಷ್ಟವಾಗುತ್ತದೆ. ಕುಟುಂಬದ ಹಿರಿಯರಿಂದ ಒಪ್ಪಿಗೆ ಪತ್ರ ಬೇಕಾಗಬಹುದು. ಅದನ್ನು ಮೊದಲೇ ಮಾತನಾಡಿಟ್ಟುಕೊಳ್ಳಿ.

ಆಸ್ಪತ್ರೆಯ ಖರ್ಚೇ ಮನೆಯನ್ನು ಮುಳುಗಿಸುವುದು ಸಾಮಾನ್ಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಗಳಿಗೆ ವೆಚ್ಚದ ಶೇಕಡಾ 30, ಗರಿಷ್ಠ 1.5 ಲಕ್ಷ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವಿಲ್ಲದೆ ನೇರವಾಗಿ ಮೈಸೂರಿಗೋ ಮಂಗಳೂರಿಗೋ ಓಡಿದವರು ಬಿಲ್ಲು ಕೈಗೆ ಬಂದ ಮೇಲೆ ಕಣ್ಣೀರಿಡುವುದನ್ನು ನೋಡಿದ್ದೇನೆ. ಜೀವಕ್ಕೆ ಅಪಾಯವಿಲ್ಲದ ಸಂದರ್ಭದಲ್ಲಿ ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮೂಲಕವೇ ಹೋಗಿ.

ತಿಂಗಳುಗಳ ಮೇಲೆ ಬರುವುದು

ಸರ್ಕಾರದ ಬಹುತೇಕ ವಿದ್ಯಾರ್ಥಿವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿಯೇ ದಾರಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ ವಸತಿಗೆಂದು ವಿದ್ಯಾಸಿರಿಯಲ್ಲಿ ಹತ್ತು ತಿಂಗಳ ನೆರವು ನಿಗದಿಯಾಗಿದೆ. 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಸಾಮಾನ್ಯ ಪದವಿಯ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ಎಂದು ನಿಗದಿಪಡಿಸಲಾಯಿತು. ಯರವ, ಜೇನುಕುರುಬ, ಬೆಟ್ಟಕುರುಬ ಮಕ್ಕಳಿಗೆ ಗಿರಿಜನ ಅಭಿವೃದ್ಧಿ ಕಚೇರಿಯೇ ಮೊದಲ ಬಾಗಿಲು. ಕಾಫಿ ತೋಟದ ಕಾರ್ಮಿಕರ ಮಕ್ಕಳಿಗೆ ಕಾಫಿ ಮಂಡಳಿಯ ಶೈಕ್ಷಣಿಕ ಸಹಾಯಧನ ಇದೆ ಎಂಬುದು ಲೈನ್ ಮನೆಗಳಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಆ ವರ್ಷದ ಪ್ರಕಟಣೆ ಬಂದಿದೆಯೇ ಎಂದು ಮಂಡಳಿಯ ಸಂಪರ್ಕಾಧಿಕಾರಿಗಳ ಕಚೇರಿಯಲ್ಲಿ ಕೇಳಿ.

ಸೈನಿಕರ ನಾಡಾದ ನಮ್ಮಲ್ಲಿ ಮಾಜಿ ಸೈನಿಕರ ಮಕ್ಕಳೂ ಬಹಳ. ಹವಾಲ್ದಾರ್ ದರ್ಜೆಯವರೆಗಿನವರ ಇಬ್ಬರು ಮಕ್ಕಳಿಗೆ ಪದವಿಯವರೆಗೆ ತಿಂಗಳಿಗೆ 2,000 ರೂಪಾಯಿ, ವೃತ್ತಿಪರ ಕೋರ್ಸಿನವರಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನವಾಗಿ ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000 ರೂಪಾಯಿ ಇದೆ. ಸೈನಿಕ ಕಲ್ಯಾಣ ಇಲಾಖೆಯ ಮಡಿಕೇರಿ ಕಚೇರಿಯಲ್ಲಿ ಮಾಹಿತಿ ಸಿಗುತ್ತದೆ. ತಾಂತ್ರಿಕ ಶಿಕ್ಷಣ ಪರಿಷತ್ತಾದ ಎಐಸಿಟಿಇ ಮಾನ್ಯತೆಯ ಕೋರ್ಸ್ ಓದುತ್ತಿರುವ, ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ಸ್ವನಾಥ್ ಯೋಜನೆಯಲ್ಲಿ ವರ್ಷಕ್ಕೆ 50,000 ರೂಪಾಯಿ. ಖಾಸಗಿಯವರಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕಿನ ಪರಿವರ್ತನ್ ಯೋಜನೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಅದು ಅಂಕ ಮತ್ತು ಆದಾಯದ ಜೊತೆಗೆ, ಇತ್ತೀಚಿನ ವರ್ಷಗಳಲ್ಲಿ ಮನೆಗೆ ಬಂದ ಆಪತ್ತನ್ನೂ ಪರಿಗಣಿಸುತ್ತದೆ.

ಎಸ್‌ಎಸ್‌ಪಿ ಹಣ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಹಣ ಹೋಗುವುದು ನೀವು ಬರೆದುಕೊಟ್ಟ ಖಾತೆಗಲ್ಲ, ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ದಾಖಲೆಯಲ್ಲಿ ನಿಮ್ಮ ಆಧಾರ್‌ಗೆ ಜೋಡಣೆಯಾಗಿರುವ ಖಾತೆಗೆ. ಬ್ಯಾಂಕಿಗೆ ಹೋಗಿ ಆ ಜೋಡಣೆ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಆಧಾರ್‌ನಲ್ಲಿರುವ ಹೆಸರು ಅಂಕಪಟ್ಟಿಯ ಹೆಸರಿಗೆ ಹೊಂದದಿದ್ದರೂ ಅರ್ಜಿ ನಿಲ್ಲುತ್ತದೆ. ಆದಾಯ ಕುಸಿದಿದ್ದರೆ ಹಳೆಯ ಪ್ರಮಾಣಪತ್ರದ ಅವಧಿ ಮುಗಿಯಲೆಂದು ಕಾಯಬೇಡಿ, ಹೊಸದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ನೀರಿನಲ್ಲಿ ದಾಖಲೆಗಳು ಹೋದವರು ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ವರದಿ ದಾಖಲಿಸಿ, ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿಯನ್ನು ಡಿಜಿಲಾಕರ್‌ನಿಂದ ಪಡೆಯಬಹುದು.

ಸಾಲದ ಬಗ್ಗೆ

ಶಿಕ್ಷಣ ಸಾಲ ಒಳ್ಳೆಯದು, ಆದರೆ ಆಪತ್ತಿನ ವಾರಕ್ಕೆ ಅಲ್ಲ. 4 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ, ಕೋರ್ಸ್ ಮುಗಿದ ಒಂದು ವರ್ಷದ ಮೇಲೆ ಮರುಪಾವತಿ ಆರಂಭ. ಮುಂದಿನ ವರ್ಷಗಳಿಗೆ ಅದನ್ನು ಯೋಚಿಸಿ.

ನನಗೆ ಭಯವಿರುವುದು ಮೊಬೈಲ್ ಆ್ಯಪ್‌ಗಳ ಸಾಲದ ಬಗ್ಗೆ. ಹತ್ತು ನಿಮಿಷದಲ್ಲಿ 5,000 ರೂಪಾಯಿ ಬರುತ್ತದೆ, ಹದಿನೈದು ದಿನದಲ್ಲಿ ಬೆದರಿಕೆ ಕರೆಗಳೂ ಬರುತ್ತವೆ. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಸಾಲದ ಆ್ಯಪ್‌ಗಳು ನಿಮ್ಮ ಮೊಬೈಲಿನ ಸಂಪರ್ಕ ಪಟ್ಟಿಯನ್ನಾಗಲಿ ಚಿತ್ರಗಳನ್ನಾಗಲಿ ಮುಟ್ಟುವಂತಿಲ್ಲ. ಅನುಮತಿ ಕೇಳಿತೆಂದರೆ ಅದು ನಂಬತಕ್ಕದ್ದಲ್ಲ ಎಂದೇ ತಿಳಿಯಿರಿ. ಈಗಾಗಲೇ ಸಿಕ್ಕಿಬಿದ್ದವರು, ತಾಯಿಯ ಹೆಸರಿನ ಕಿರುಸಾಲಕ್ಕೆ ಕಿರುಕುಳ ಅನುಭವಿಸುತ್ತಿರುವವರು ಒಬ್ಬರೇ ಕೊರಗಬೇಡಿ. ಬಲವಂತದ ವಸೂಲಿಯನ್ನು ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಪ್ರತ್ಯೇಕ ಕಾನೂನೇ ಬಂದಿದೆ, ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು.

ಎಲ್ಲ ಮಾಡಿಯೂ ಬಿಡಲೇಬೇಕಾದ ಸ್ಥಿತಿ ಬಂದರೆ ಬರಿಗೈಯಲ್ಲಿ ಹೊರಡಬೇಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಅಧಿಸೂಚನೆಯಂತೆ, ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಪೂರ್ಣ ಶುಲ್ಕ, ಆ ದಿನಾಂಕಕ್ಕೆ 15 ದಿನಕ್ಕಿಂತ ಕಡಿಮೆ ಇರುವಾಗ ಬಿಟ್ಟರೆ ಶೇಕಡಾ 90, ದಿನಾಂಕ ಕಳೆದ 15 ದಿನದೊಳಗೆ ಶೇಕಡಾ 80, 30 ದಿನದೊಳಗೆ ಶೇಕಡಾ 50ರಷ್ಟು ಹಿಂದಕ್ಕೆ ಸಲ್ಲಬೇಕು. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಹಿಡಿದಿಟ್ಟುಕೊಳ್ಳುವಂತಿಲ್ಲ.

ಕಾಲೇಜುಗಳು ಮಾಡಬಹುದಾದದ್ದು

600 ಮಕ್ಕಳಿರುವ ಒಂದು ಕಾಲೇಜು, ವರ್ಷಕ್ಕೆ 40 ಮಕ್ಕಳಿಗೆ ತಲಾ 3,000 ರೂಪಾಯಿ ಎಂದಿಟ್ಟುಕೊಳ್ಳೋಣ. 1,20,000 ರೂಪಾಯಿ. ಜನವರಿ, ಫೆಬ್ರುವರಿಯಲ್ಲಿ ಕಾಫಿ ಮಾರಿದ ಹಳೆಯ ವಿದ್ಯಾರ್ಥಿಗಳು ಕೆಲವರು ತಲಾ ಒಂದು ಚೀಲ ಚೆರಿಯ, ಅಂದರೆ ಒಣಗಿಸಿದ ಕಾಫಿ ಹಣ್ಣಿನ, ಬೆಲೆ ಕೊಟ್ಟರೆ ಜುಲೈನ ಹೊತ್ತಿಗೆ ನಿಧಿ ಸಿದ್ಧವಾಗಿರುತ್ತದೆ. ಕೊಯ್ಲಿನ ದುಡ್ಡು ಮಳೆಗಾಲದ ಶುಲ್ಕವನ್ನು ತಲುಪುವ ದಾರಿ ಇದಕ್ಕಿಂತ ಸುಲಭವಾಗಿ ಇನ್ನಾವುದಿದೆ?

ಹಣಕ್ಕಿಂತ ಅದನ್ನು ಕೊಡುವ ರೀತಿ ಮುಖ್ಯ. ಇಬ್ಬರು ಅಧ್ಯಾಪಕರು ಸೇರಿ ಎರಡು ದಿನದಲ್ಲಿ ತೀರ್ಮಾನಿಸಬೇಕು, ಅವರಲ್ಲೊಬ್ಬರು ಮಹಿಳೆಯಾಗಿರಬೇಕು. ಅಂಕ ಕೇಳಬಾರದು, ಏಕೆಂದರೆ ತಂದೆ ಆಸ್ಪತ್ರೆಯಲ್ಲಿದ್ದ ಸೆಮಿಸ್ಟರಿನಲ್ಲಿ ಯಾರ ಅಂಕವೂ ಏರುವುದಿಲ್ಲ. ವೇದಿಕೆಗೆ ಕರೆದು ಚೆಕ್ ಹಸ್ತಾಂತರಿಸುವ ಚಿತ್ರ ತೆಗೆಯಲೇಬಾರದು. ದಾನಿಗಳಿಗೆ ಲೆಕ್ಕ ಕೊಡಿ, ಹೆಸರು ಕೊಡಬೇಡಿ.

ಆ ಹುಡುಗಿಗೆ ಟಿಸಿ ಕೊಡಲಿಲ್ಲ. ಮೊದಲ ಕಂತನ್ನು ಕ್ಷೇಮನಿಧಿಯಿಂದ ತುಂಬಿದೆವು, ಎರಡನೆಯದನ್ನು ಫೆಬ್ರುವರಿಯಲ್ಲಿ ಅವಳೇ ಕಟ್ಟಿದಳು. ತಂದೆಯ ಪಾಸ್‌ಬುಕ್ಕಿನಲ್ಲಿ 20 ರೂಪಾಯಿಯ ಸಾಲನ್ನು ಹುಡುಕಿ ತೆಗೆದವಳೂ ಅವಳೇ. ಅದಾದ ಮೇಲೆ ನಮ್ಮ ವಿಭಾಗದಲ್ಲಿ ಅರ್ಧ ಪುಟದ ಒಂದು ನಮೂನೆ ಮಾಡಿ ಇಟ್ಟಿದ್ದೇವೆ. ಅದರಲ್ಲಿರುವುದು ಮೂರೇ ಪ್ರಶ್ನೆ: ಏನಾಯಿತು, ಎಷ್ಟು ಬೇಕು, ಯಾವ ದಿನದೊಳಗೆ ಬೇಕು.